ಚುಕ್ಕಿಯ ಪಂಚನಾಮೆ

ಕಣ್ಣಾರೆ ಕಂಡದ್ದನ್ನು ಕಂಡೆ ಎಂದ ಹೆಂಗಸನ್ನು ಸುಳ್ಳುಗಾರ್ತಿ ಎಂದರು. ತೀರ್ಪು ಕೊಟ್ಟದ್ದು ಒಂದು ಯಂತ್ರ. ಆಮೇಲೆ ಮನುಷ್ಯರು ಆ ಯಂತ್ರದ ಹಿಂದೆ ನಿಂತು ತಲೆಯಾಡಿಸಿದರು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ನಾನು ಹುಲುಗಪ್ಪ. ಪೊಲೀಸ್ ಠಾಣೆಯ ರೈಟರ್ ಆಗಿ ನಿವೃತ್ತನಾಗಿ ಸಂಡೂರಿನಲ್ಲಿ ನೆಲೆಸಿದವನು. ರೈಟರ್ ಎಂದರೆ ಲಾಠಿ ಬೀಸುವವನಲ್ಲ, ಬೇರೆಯವರು ಕಂಡದ್ದನ್ನು ಕಾಗದಕ್ಕೆ ಇಳಿಸುವವನು. ಯಾರು ಕಂಡು ಹೇಳುತ್ತಾರೆ, ಯಾರು ಕೇಳಿ ಹೇಳುತ್ತಾರೆ, ಯಾರು ಹೇಳಿಸಿಕೊಂಡು ಹೇಳುತ್ತಾರೆ ಎಂಬುದು ಅವರು ಬಾಯಿ ತೆರೆದ ಕೂಡಲೇ ನನಗೆ ತಿಳಿಯುತ್ತಿತ್ತು. ಆಕಾಶದ ವಿಷಯಕ್ಕೂ ಸುಳ್ಳು ಸಾಕ್ಷಿ ಇರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ಆಗಿನ ಆಕಾಶದ ಸ್ಥಿತಿ ಹೇಳಿಬಿಡುತ್ತೇನೆ. ಉಪಗ್ರಹಗಳು ಹೆಚ್ಚಿ ಹೆಚ್ಚಿ, ಸಂಜೆಯಾದರೆ ನೆತ್ತಿಯ ಮೇಲೆ ಇರುವೆ ಸಾಲು ಹರಿದಂತೆ ಹರಿಯುತ್ತಿದ್ದವು. ಯಾವ ಫೋಟೋ ತೆಗೆದರೂ ಗೀರು. ಜೊತೆಗೆ ನೆಲದ ಮೇಲೆ ಸುಳ್ಳು ಚಿತ್ರಗಳ ಹಾವಳಿ. ಯಾರ ಮುಖ ಯಾರ ಮೈಗೆ ಅಂಟಿಸಿದ್ದಾರೋ ಹೇಳುವಂತಿರಲಿಲ್ಲ. ಎಷ್ಟೋ ಹೆಣ್ಣುಮಕ್ಕಳು ಬಾವಿ ನೋಡಿಕೊಂಡರು. ಆ ಪ್ರಕರಣಗಳಲ್ಲಿ ಕೆಲವನ್ನು ನಾನೇ ಬರೆದಿದ್ದೇನೆ. ಆಗ ‘ಖಚಿತ’ ಎಂಬ ಸಂಸ್ಥೆ ಬಂತು. ಪ್ರತಿ ಕ್ಯಾಮೆರಾದೊಳಗೆ ಉಗುರಿನಷ್ಟು ಅಗಲದ ಒಂದು ಬಿಲ್ಲೆ ಕೂರಿಸಿದರು. ಜನ ಅದನ್ನು ಸೋಸುಬಿಲ್ಲೆ ಎಂದರು. ತೆಗೆದ ಚಿತ್ರ ಅಸಲಿಯೋ ಎಂದು ಅದು ನೋಡುತ್ತದೆ, ಗೀರು ಇದ್ದರೆ ಅಳಿಸುತ್ತದೆ, ಅಳಿಸಿದ ಜಾಗವನ್ನು ತನ್ನ ಭಂಡಾರದಲ್ಲಿರುವ ಹಳೆಯ ಚಿತ್ರದಿಂದ ತುಂಬುತ್ತದೆ, ಕೊನೆಗೆ ಮುದ್ರೆ ಒತ್ತುತ್ತದೆ. ಮುದ್ರೆ ಇಲ್ಲದ ಫೋಟೋ ಬ್ಯಾಂಕಿಗೂ ಬೇಡ, ಕಚೇರಿಗೂ ಬೇಡ, ಕೋರ್ಟಿಗೂ ಬೇಡ ಎಂದು ಕಾನೂನಾಯಿತು. ನಾನೂ ಮೆಚ್ಚಿದೆ. ರೋಗಕ್ಕೆ ಮದ್ದು ಬೇಕಿತ್ತು, ಬಂತು ಅಂದುಕೊಂಡೆ. ಕ್ರಮೇಣ ಮಕ್ಕಳು ಮೊಬೈಲಿನಲ್ಲಿ ಕಾಣುವ ಸ್ವಚ್ಛ ಆಕಾಶವನ್ನೇ ನಿಜವೆಂದೂ, ತಲೆಯ ಮೇಲಿನದ್ದು ಕೆಟ್ಟುಹೋದ ಪ್ರತಿಯೆಂದೂ ತಿಳಿಯತೊಡಗಿದರು. ಅದನ್ನು ನಾನು ನಗೆಯ ಮಾತಾಗಿ ತಗೊಂಡೆ.

ಗೋದಾಬಾಯಿ ನಮ್ಮ ಓಣಿಯ ತಿರುವಿನಲ್ಲಿ ಸ್ಟುಡಿಯೋ ಇಟ್ಟವಳು. ರಂಗಾರಿಗಳ ಮನೆತನ. ಹಿರಿಯರು ಬಟ್ಟೆಗೆ ಬಣ್ಣ ಹಾಕಿದರೆ ಇವಳು ಫೋಟೋಗೆ ಹಾಕಿದಳು. ಫಿಲ್ಮಿನ ಕಾಲದಲ್ಲಿ ನೆಗೆಟಿವ್ ಮೇಲೆ ಸೂಜಿಮೊನೆಯಂಥ ಪೆನ್ಸಿಲ್ಲಿನಿಂದ ಮದುಮಗಳ ಮೊಡವೆ, ಮುದುಕರ ನೆರಿಗೆ ತಿದ್ದುತ್ತಿದ್ದಳು. ಗಂಡ ಹೋದ ಮೇಲೂ ಬಾಗಿಲು ಮುಚ್ಚಲಿಲ್ಲ. ಧನುರ್ಮಾಸದಲ್ಲಿ ಮದುವೆ ಇಲ್ಲವಲ್ಲ, ಫೋಟೋದವರಿಗೆ ಆ ತಿಂಗಳು ರಜೆ. ಆ ರಜೆಯಲ್ಲಿ ಅವಳಿಗೆ ಆಕಾಶದ ಹುಚ್ಚು ಹತ್ತಿತು. ಮಾಳಿಗೆಯ ಮೇಲೆ ಎಂಟಂಗುಲ ಕನ್ನಡಿಯ ದುರ್ಬೀನು ನಿಲ್ಲಿಸಿ, ಗಂಡನ ಹಳೆಯ ಕ್ಯಾಮೆರಾ ಕಟ್ಟಿದಳು. ಅದು ಸೋಸುಬಿಲ್ಲೆ ಹುಟ್ಟುವ ಮುಂಚಿನ ಕ್ಯಾಮೆರಾ. ಅಂಗಡಿಯ ಕೆಲಸಕ್ಕೆ ಮುದ್ರೆಯದ್ದು, ಮನಸ್ಸಿನ ಕೆಲಸಕ್ಕೆ ಇದು.

ಅವಳ ಗುರಿ ಒಂದೇ. ನಮ್ಮ ಆಕಾಶಗಂಗೆಯ ಧೂಳಿನ ಹಿಂದೆ ಅಡಗಿರುವ ಇನ್ನೊಂದು ಗ್ಯಾಲಕ್ಸಿ.

“ಮೈನಿಂಗ್ ಲಾರಿ ಹೋದಾಗ ಎದುರು ಬರೋ ಗಾಡಿ ಲೈಟು ಹೆಂಗ ಕಾಣ್ತೈತಿ, ಹುಲುಗಪ್ಪಣ್ಣ?” ಎಂದು ಒಂದು ಸಂಜೆ ಕೇಳಿದಳು.

“ಮಂಕಾಗಿ, ಕೆಂಪಗ.”

“ಅಷ್ಟ. ಇದೂ ಅಷ್ಟ. ನಮಗ ಹತ್ತಿರದ್ದ ಐತಿ, ಒಂದು ಕೋಟಿ ವರ್ಷ ಬೆಳಕು ನಡದ್ರ ಸಾಕು. ನಡುವ ಧೂಳಿಲ್ಲಾಗಿದ್ರ ಬರಿಗಣ್ಣಿಗೇ ಕಾಣ್ತಿತ್ತೇನೋ. ಧೂಳು ನಮ್ಮ ಮನೀದ, ಬೈಗಳ ಆ ಮನೀಗೆ.”

ಒಂದು ಸಂಜೆ ಕ್ಯಾಮೆರಾ ಹಿಡಿದ ಬೆಳಕು ಇಂಥ ಮಂಕು ವಸ್ತುವಿಗೆ ಸಾಲದು. ಅದಕ್ಕೆ ಅವಳಂಥ ಹವ್ಯಾಸಿಗಳು ಮುಯ್ಯಿ ಪದ್ಧತಿ ಮಾಡಿಕೊಂಡಿದ್ದರು. ಹೊಲದಲ್ಲಿ ಇವತ್ತು ನಿನ್ನ ಕಳೆ, ನಾಳೆ ನನ್ನ ಕಳೆ ಎಂದು ಆಳು ಮುಯ್ಯಿ ಮಾಡುವುದಿಲ್ಲವೆ, ಹಾಗೆ. ರಾಯಚೂರು, ಗದಗ, ಹಿರಿಯೂರು ಹೀಗೆ ಬೇರೆ ಬೇರೆ ಊರಿನವರು ತಾವು ತೆಗೆದ ಚಿತ್ರಗಳನ್ನು ಒಬ್ಬರಿಗೆ ಕೊಡುತ್ತಾರೆ. ಅವರು ಎಲ್ಲವನ್ನೂ ಒಂದರ ಮೇಲೊಂದು ಪೇರಿಸುತ್ತಾರೆ. ಪೇರಿಸುವ ಯಂತ್ರ ಪಂಚಾಯ್ತಿಯ ಹಾಗೆ ಕೆಲಸ ಮಾಡುತ್ತದೆ. ಬಹಳ ಚಿತ್ರಗಳಲ್ಲಿ ಇದ್ದದ್ದನ್ನು ಉಳಿಸುತ್ತದೆ, ಒಂದೆರಡರಲ್ಲಿ ಮಾತ್ರ ಇದ್ದದ್ದನ್ನು ಕಸವೆಂದು ಎಸೆಯುತ್ತದೆ. ಉಪಗ್ರಹದ ಗೀರು, ಕ್ಯಾಮೆರಾದ ದೋಷ ಎಲ್ಲ ಹಾಗೆಯೇ ಕಳಚುತ್ತವೆ. ಒಳ್ಳೆಯ ಪದ್ಧತಿ. ಆದರೆ ಪಂಚಾಯ್ತಿಗೆ ಕೂತವರಲ್ಲಿ ಹೆಚ್ಚಿನವರು ಒಬ್ಬನೇ ಧಣಿಯ ಆಳುಗಳಾಗಿದ್ದರೆ ಏನಾಗುತ್ತದೆ ಎಂಬುದನ್ನು ಯಾರೂ ಯೋಚಿಸಿರಲಿಲ್ಲ.

ಆ ವರ್ಷ ಮುಯ್ಯಿಯಲ್ಲಿ ಗೋದಾಬಾಯಿಯ ಸರದಿ. ಪೇರಿಸಿದಳು. ಚಿತ್ರ ಚೆಂದವಾಗಿ ಬಂತು. ಎಸೆದ ಕಸವನ್ನೂ ಒಮ್ಮೆ ನೋಡುವುದು ಅವಳ ಅಭ್ಯಾಸ. ಅದರಲ್ಲಿ ಒಂದು ಚುಕ್ಕಿ ಇತ್ತು. ಅವಳ ಚಿತ್ರಗಳಲ್ಲಿ ಮಾತ್ರ ಇತ್ತು, ಗ್ಯಾಲಕ್ಸಿಯ ಒಂದು ತೋಳಿನ ಅಂಚಿನಲ್ಲಿ. ಮರುದಿನ ಸಂಜೆ ಮತ್ತೆ ತೆಗೆದಳು. ಅದೇ ಜಾಗ. ಅದರ ಮರುದಿನವೂ ಅದೇ ಜಾಗ, ಇನ್ನಷ್ಟು ಹೊಳಪು. ಉಪಗ್ರಹ ಓಡುತ್ತದೆ, ಹೀಗೆ ಕುಳಿತಿರುವುದಿಲ್ಲ. ಕ್ಯಾಮೆರಾದ ದೋಷವಾಗಿದ್ದರೆ ಕ್ಯಾಮೆರಾ ತಿರುಗಿಸಿದಾಗ ಜೊತೆಗೆ ತಿರುಗಬೇಕಿತ್ತು. ಅಲ್ಲಿ ಒಂದು ನಕ್ಷತ್ರ ಸಿಡಿದಿತ್ತು.

ಹಾಗಾದರೆ ಉಳಿದವರ ಚಿತ್ರದಲ್ಲಿ ಏಕಿಲ್ಲ? ರಿಟಚ್ ಮಾಡುವ ಭೂತಗನ್ನಡಿ ತೆಗೆದು, ಅವರ ಚಿತ್ರಗಳನ್ನು ದೊಡ್ಡದಾಗಿ ಅಚ್ಚು ಹಾಕಿ ಕೂತಳು. ನನ್ನನ್ನು ಕರೆಸಿದಳು.

“ಇದು ರಾಯಚೂರಿಂದು, ಇದು ಗದಗಿಂದು. ಕಾಳು ನೋಡು. ಮಂಕು ಬೆಳಕಿನ ಚಿತ್ರದಾಗ ಮರಳಿನಂಗ ಕಾಳು ಇರ್ತಾವ. ಎರಡೂ ಕಡಿ ಒಂದ ಥರ ಬಿದ್ದಾವ. ಅವಳಿ ಮಕ್ಕಳಿಗೂ ಮಚ್ಚಿ ಒಂದ ಜಾಗದಾಗ ಇರಂಗಿಲ್ಲಪಾ.”

“ಅಂದ್ರ?”

“ಅಂದ್ರ ಇವು ಅವರು ತಗದ ಫೋಟೋ ಅಲ್ಲ. ಗೀರು ಬಹಳ ಬಿದ್ದಾವಂತ ಸೋಸುಬಿಲ್ಲಿ ಪೂರಾ ಅಳಿಸಿ, ಹಳೇ ಫೋಟೋ ತುಂಬೈತಿ. ಧೂಳಿನ ಕಡಿ ಯಾರು ನೋಡ್ತಾರಂತ ಭಂಡಾರದಾಗ ಹೊಸಾದು ಇಟ್ಟಿಲ್ಲ. ಪಾಪ, ಇವರು ಚಳಿಯಾಗ ಕೂತು, ಯಾವನೋ ಎಂದೋ ತಗದ ಚಿತ್ರ ನಮ್ಮದಂತ ಒಯ್ದಾರ.”

ಅದನ್ನೇ ಅವಳು ಮೊಬೈಲಿನಲ್ಲಿ ಹವ್ಯಾಸಿಗಳ ಗುಂಪಿಗೆ ಬರೆದಳು. ಬರೆದ ರೀತಿ ನಯವಾಗಿರಲಿಲ್ಲ, ಒಪ್ಪುತ್ತೇನೆ. ಎಷ್ಟೋ ವರ್ಷದ ನಿಮ್ಮ ಚಿತ್ರ ನಿಮ್ಮದಲ್ಲ ಎಂದರೆ ಯಾರಿಗೆ ತಡೆದೀತು? ರಾಯಚೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಗುಂಡೂರಾವ್ ಎಂಬ ಹಿರಿಯ ಸದಸ್ಯ ಎಲ್ಲರಿಗೂ ಕೇಳುವಂತೆ ಧ್ವನಿ ಸಂದೇಶ ಕಳಿಸಿದ. “ಗೋದಾಬಾಯಿಯವರ, ಜೀವನಪೂರ್ತಿ ಮಂದಿ ಮಾರಿ ಮ್ಯಾಲಿನ ಚುಕ್ಕಿ ತಗದ್ರಿ. ಈಗ ವಯಸ್ಸಿನಾಗ ಆಕಾಶಕ್ಕ ಒಂದು ಚುಕ್ಕಿ ಇಡಬೇಕು ಅನ್ನಿಸ್ತೇನು?”

ಆ ಮಾತು ಬಿತ್ತು, ಬೆಂಕಿ ಹತ್ತಿತು. ಯಾರೋ ಖಚಿತಕ್ಕೆ ದೂರು ಕೊಟ್ಟರು. ಯಂತ್ರ ಅವಳ ಚಿತ್ರ ನೋಡಿ, ಭಂಡಾರದ ಚಿತ್ರಕ್ಕೆ ಹೋಲಿಸಿ, ‘ಚುಕ್ಕಿ ಕೃತಕ’ ಎಂದು ತೀರ್ಪು ಕೊಟ್ಟಿತು. ಕೃತಕ ಚಿತ್ರ ಮಾಡಿದವರಿಗೆ ಮುದ್ರೆ ಒತ್ತುವ ಹಕ್ಕಿಲ್ಲ. ಸ್ಟುಡಿಯೋದ ಮುದ್ರೆ ರದ್ದಾಯಿತು. ಅಷ್ಟೇ ಅಲ್ಲ, ಅವಳು ಆ ವರ್ಷ ಊರಿನವರಿಗೆ ತೆಗೆದ ಫೋಟೋಗಳೆಲ್ಲ ಒಂದೇ ಏಟಿಗೆ ‘ಸಂಶಯಾಸ್ಪದ’ ಆದವು.

ಮರುದಿನ ಸ್ಟುಡಿಯೋ ಎದುರು ಜಗಳ. ಹೂವಿನ ಜೈತುನ್‌ಬಿಯ ವಿಧವಾ ಪಿಂಚಣಿ ನಿಂತಿತ್ತು.

“ನನ್ನ ಮಾರಿ ಸುಳ್ಳಂತ ಹೇಳಿ ಕಳಿಸಿದ್ರವ್ವಾ! ಹಂಗಾರ ಇಷ್ಟು ದಿನ ಹೂ ಮಾರಿದಾಕಿ ಯಾರು, ದೆವ್ವೇನು? ನಿನಗ್ಯಾಕ ಬೇಕಿತ್ತು ಚುಕ್ಕಿ ಗಿಕ್ಕಿ?”

ಗೋದಾಬಾಯಿ ಒಳಗೆ ಹೋಗಿ ಕದ ಹಾಕಿಕೊಂಡಳು. ನನ್ನ ಹೆಂಡತಿ ಕೊಟ್ರಮ್ಮ ರೊಟ್ಟಿ ಒಯ್ದಳು, ಹಾಗೆಯೇ ವಾಪಸು ತಂದಳು. “ಉಣ್ಣವಲ್ಲಳು. ‘ಚುಕ್ಕಿ ಹೋದ್ರ ಹೋಗ್ಲಿ, ಕಳ್ಳಿ ಅನ್ನಿಸಿಕೊಂಡು ಬದುಕೋದು ಹೆಂಗ’ ಅಂತಾಳ. ನಿಮ್ಮ ಸರ್ವಿಸು ಯಾವ ಸುಡುಗಾಡಿಗೆ ಬಂತು? ಏನಾರ ಮಾಡ್ರಿ” ಎಂದು ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು.

ಹೊಸಪೇಟೆಯಲ್ಲಿ ಖಚಿತದ ಕೇಂದ್ರ. ಗೋದಾಬಾಯಿಯನ್ನು ಕರೆದುಕೊಂಡು ಹೋದೆ. ಒಳಗೆ ಗೋಡೆ ತುಂಬ ಪರದೆ. ಜಿಲ್ಲೆಯ ಮದುವೆ, ನಾಮಕರಣ, ಶವ, ಆಧಾರ್ ಕಾರ್ಡಿನ ಮುಖ, ಆಕಾಶ ಎಲ್ಲ ಒಂದರ ಹಿಂದೊಂದು ಹರಿದು, ಪಕ್ಕದಲ್ಲಿ ಹಸಿರು ಗುರುತು ಬೀಳುತ್ತಿತ್ತು. ನೋಡುವ ಮನುಷ್ಯರು ಯಾರೂ ಇರಲಿಲ್ಲ. ಮೂಲೆಯ ಮೇಜಿನಲ್ಲಿ ವಾದಿರಾಜ ಎಂಬ ಅಧಿಕಾರಿ ಒಬ್ಬನೇ. ಕೆಟ್ಟವನಲ್ಲ. ನಮಗೆ ಕುರ್ಚಿ ಕೊಟ್ಟ, ಚಹಾ ತರಿಸಿದ, ಹೇಳಿದ್ದನ್ನೆಲ್ಲ ಕೇಳಿದ.

“ಅಮ್ಮಾ, ನಿಮ್ಮ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ನಿಮ್ಮ ಚಿತ್ರಕ್ಕೆ ಮುದ್ರೆ ಇಲ್ಲ. ಮುದ್ರೆ ಇರೋ ಇನ್ನೊಂದು ಚಿತ್ರದಲ್ಲಿ ಆ ಚುಕ್ಕಿ ತೋರಿಸಿ, ತಕ್ಷಣ ಸರಿ ಮಾಡ್ತೀನಿ.”

“ಮುದ್ರೀ ಕ್ಯಾಮೆರಾ ಅದನ್ನ ಅಳಸ್ತೈತಲ್ರಿ.”

“ಭಂಡಾರದಲ್ಲಿ ಇಲ್ಲದ್ದನ್ನು ಅದು ದೋಷ ಅಂತಲೇ ತಿಳಿಯುತ್ತೆ.”

“ಭಂಡಾರಕ್ಕ ಹೆಂಗ ಹಾಕ್ತೀರಿ?”

“ಮುದ್ರೆ ಇರೋ ಚಿತ್ರ ಬಂದ್ರೆ.”

ಗೋದಾಬಾಯಿ ನಗಲೂ ಇಲ್ಲ, ಅಳಲೂ ಇಲ್ಲ. “ಒಂದು ಕೋಟಿ ವರ್ಷ ಒಂದ ಸಮನ ನಡದು ಬಂದ ಬೆಳಕು ಸ್ವಾಮಿ. ಕಡೀಗೆ ಉಗುರಿನಷ್ಟು ದಾರಿ ಉಳಿದಿತ್ತು. ಅಲ್ಲಿ ಕೂತು ಒರಸಿಬಿಟ್ರಿ. ನಾವೂ ಮಚ್ಚಿ ತಗೀತಿದ್ವಿ, ಆದ್ರ ಮಚ್ಚಿ ಇದ್ದವರನ್ನ ಕೇಳಿ ತಗೀತಿದ್ವಿ” ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನನಗೊಂದು ಹೊಳೆಯಿತು. ಕೊಲೆಯಾದ ಜಾಗಕ್ಕೆ ಹೋದಾಗ ನಾವು ಕ್ಯಾಮೆರಾವನ್ನು ನಂಬುತ್ತಿದ್ದೆವೆ? ಕ್ಯಾಮೆರಾ ಎಂಬುದು ಠಾಣೆಗೆ ಬರುವುದಕ್ಕೆ ಎಷ್ಟೋ ಮೊದಲಿನಿಂದ ಪಂಚನಾಮೆ ಇತ್ತು. ಊರಿನ ಐದು ಜನ ಪಂಚರನ್ನು ಕರೆಯುವುದು, ಅವರೆದುರು ಸ್ಥಳ ತೋರಿಸುವುದು, ಪೂರ್ವಕ್ಕೆ ಏನು ಪಶ್ಚಿಮಕ್ಕೆ ಏನು ಎಂದು ಚಕ್ಕುಬಂದಿ ಬರೆಯುವುದು, ನಡುವೆ ಏನಿದೆಯೋ ಅದನ್ನು ಬರೆಯುವುದು, ಸಹಿ ಹಾಕಿಸುವುದು. ಕಾನೂನಿನಲ್ಲಿ ಆ ಪದ್ಧತಿಯನ್ನು ಯಾರೂ ತೆಗೆದುಹಾಕಿರಲಿಲ್ಲ, ಮರೆತಿದ್ದರು ಅಷ್ಟೆ.

“ಗೋದಾ, ಕ್ಯಾಮೆರಾ ಬಿಟ್ಟು ಬರೀ ಕಣ್ಣಿಟ್ಟರ ದುರ್ಬೀನಿನಾಗ ಚುಕ್ಕಿ ಕಾಣ್ತೈತೇನು?”

ಅವಳು ತಿರುಗಿ ನೋಡಿದಳು. “ಗ್ಯಾಲಕ್ಸಿ ಕಾಣಂಗಿಲ್ಲ. ಅದು ಬರೇ ಹೊಗಿ. ಚುಕ್ಕಿ ಕಾಣಬೇಕು. ಸಿಡದ ನಕ್ಷತ್ರ, ಬಲು ಹೊಳಪು. ಆದ್ರ ಕಣ್ಣಿಡೋ ಮಸೂರ ನನ್ನತ್ರ ಇಲ್ಲ. ಈಗ ಯಾರೂ ಮಾರಂಗೇ ಇಲ್ಲ. ಎಲ್ಲಾರೂ ಪರದೆ ನೋಡ್ತಾರ.” ಆಮೇಲೆ ತಾನೇ, “ಭೂತಗನ್ನಡಿ ಬಿಚ್ಚತೀನಿ” ಎಂದಳು.

ಅಂದು ಸಂಜೆಯೇ ರಿಟಚ್ಚಿನ ಭೂತಗನ್ನಡಿಯ ಗಾಜು ಬಿಚ್ಚಿ, ಪ್ಲಾಸ್ಟಿಕ್ ಪೈಪಿನ ತುಂಡಿಗೆ ಕೂರಿಸಿ ದುರ್ಬೀನಿಗೆ ಸಿಕ್ಕಿಸಿದಳು. ಇಣುಕಿ ನೋಡಿ, ನನಗೆ ಮಾತ್ರ ನೋಡಬೇಡ ಎಂದು ಕೈ ತೋರಿಸಿದಳು. ನಾನೂ ನೋಡಲಿಲ್ಲ. ಪಂಚನಾಮೆ ಬರೆಯುವವನು ಮೊದಲೇ ನೋಡಿದರೆ ಪಂಚರ ಬಾಯಿಗೆ ಮಾತು ಹಾಕಿಬಿಡುತ್ತಾನೆ.

ಪಂಚರ ಆಯ್ಕೆಯಲ್ಲಿ ನನ್ನ ಸರ್ವಿಸ್ಸೆಲ್ಲ ಖರ್ಚು ಮಾಡಿದೆ. ಗೋದಾಬಾಯಿಯ ಸ್ನೇಹಿತರು ಬೇಡ. ಅವಳ ಮೇಲೆ ಸಿಟ್ಟಿದ್ದವರು ಬೇಕು. ಮೊದಲ ಹೆಸರು ಜೈತುನ್‌ಬಿ. ಎರಡನೆಯದು ಅದಿರು ಲಾರಿ ಓಡಿಸುತ್ತಿದ್ದ ಸೋಮ್ಲಾ ನಾಯ್ಕ. ಅವನಿಗೆ ದೇವರನ್ನೂ ನಂಬದ ಸ್ವಭಾವ. ಇನ್ನು ಮೂವರು ಓಣಿಯವರೇ, ಆದರೆ ಒಬ್ಬರಿಗೊಬ್ಬರು ಮಾತು ಬಿಟ್ಟವರು. ವಾದಿರಾಜನಿಗೂ ಹೇಳಿ ಕಳಿಸಿದೆ. ಬಂದ. ಅದು ಅವನ ದೊಡ್ಡತನ.

ಮಾಳಿಗೆಯ ಮೇಲೆ ಎಲ್ಲರ ಕೈಗೂ ಒಂದೊಂದು ಪಾಟಿ, ಒಂದೊಂದು ಬಳಪ ಕೊಟ್ಟೆ. “ಒಬ್ಬೊಬ್ಬರೇ ಹೋಗಿ ಕಣ್ಣಿಡ್ರಿ. ಓಡಾಡೋ ಚುಕ್ಕಿ ಬಿಡ್ರಿ, ಅವು ಉಪಗ್ರಹ. ನಿಂತಿದ್ದಷ್ಟ ಬರೀರಿ. ಏನು ಕಾಣಬೇಕಂತ ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ. ಬರದ ಮ್ಯಾಲ ಪಾಟಿ ಬೋರಲು ಹಾಕ್ರಿ.”

ಜೈತುನ್‌ಬಿ ಕಣ್ಣಿಟ್ಟಳು. “ಕತ್ತಲ ಐತಿ.”

“ಕಣ್ಣಿಗೆ ಕತ್ತಲ ರೂಢಿ ಆಗ್ಲಿ.”

“ಹಾಂ... ಬಂದ್ವು. ಅಯ್ಯ, ಮಲ್ಲಿಗಿ ಮೊಗ್ಗು ಚೆಲ್ಲಿದಂಗ ಅದಾವಲ್ಲೋ!”

“ಹೇಳಬ್ಯಾಡ, ಬರಿ.”

ಸೋಮ್ಲಾ ನಾಯ್ಕ ಇಣುಕಿದವನೇ, “ಓಡೋದು ಒಂದು, ಎರಡು... ಇವಕ್ಕೇನು ಡ್ರೈವಿಂಗ್ ಲೈಸೆನ್ಸ್ ಐತೋ ಇಲ್ಲೋ” ಎಂದು ಬೈದು, ಆಮೇಲೆ ನಿಧಾನಕ್ಕೆ ಬಳಪ ಎಳೆದ. ಕೊನೆಗೆ ವಾದಿರಾಜನೂ ಕಣ್ಣಿಟ್ಟ. ಅವನ ಪಾಟಿಯ ಮೇಲೆ ಬಳಪದ ಸದ್ದು ಒಮ್ಮೆ ನಿಂತು ಮತ್ತೆ ಕೇಳಿಸಿತು.

ಪಾಟಿಗಳನ್ನು ಮಗುಚಿ ಸಾಲಾಗಿ ಇಟ್ಟೆ. ಪಕ್ಕದಲ್ಲಿ ಗೋದಾಬಾಯಿ ಆ ಕಡೆಯ ಆಕಾಶದ ಹಳೆಯ ನಕ್ಷೆ ಇಟ್ಟಳು. ಕೆಲವರ ಚುಕ್ಕಿ ಜೋಳದಷ್ಟು, ಕೆಲವರದು ಎಳ್ಳಿನಷ್ಟು. ಒಬ್ಬ ಎರಡು ಬಿಟ್ಟಿದ್ದ. ಆದರೆ ಒಂದು ಕಡೆಯ ಜೋಡಿ ಚುಕ್ಕಿಗೂ ಇನ್ನೊಂದು ಕಡೆಯ ಒಂಟಿ ಚುಕ್ಕಿಗೂ ನಡುವೆ, ನಕ್ಷೆಯಲ್ಲಿ ಖಾಲಿ ಇದ್ದ ಜಾಗದಲ್ಲಿ, ಎಲ್ಲರ ಪಾಟಿಯಲ್ಲೂ ಒಂದು ಚುಕ್ಕಿ ಇತ್ತು. ವಾದಿರಾಜನ ಪಾಟಿಯಲ್ಲೂ ಇತ್ತು.

ಜೈತುನ್‌ಬಿ ಪಾಟಿಗಳನ್ನು ನೋಡಿದಳು, ಗೋದಾಬಾಯಿಯನ್ನು ನೋಡಿದಳು. “ಇದಕ್ಕೇನು ನಿನಗ ಕಳ್ಳಿ ಅಂದದ್ದು? ಎಲ್ಲಿ, ನನ್ನ ಹೆಬ್ಬೆಟ್ಟು ಎಲ್ಲಿ ಒತ್ತಲಿ?”

ನಾನು ಬರೆದೆ. ಪೂರ್ವಕ್ಕೆ ಜೋಡಿ ಚುಕ್ಕಿ, ಪಶ್ಚಿಮಕ್ಕೆ ಒಂಟಿ ಚುಕ್ಕಿ, ಉತ್ತರಕ್ಕೆ ಸಾಲಾಗಿ ಮೂರು, ದಕ್ಷಿಣಕ್ಕೆ ಬಯಲು. ಈ ಚಕ್ಕುಬಂದಿಯ ನಡುವೆ ನಕ್ಷೆಯಲ್ಲಿ ಇರದ ಒಂದು ಚುಕ್ಕಿ. ಐವರೂ ಸಹಿ ಮಾಡಿದರು. ವಾದಿರಾಜನ ಮುಂದೆ ಕಾಗದ ಹಿಡಿದೆ.

ಅವನು ಪೆನ್ನು ತೆಗೆದ, ಮತ್ತೆ ಕಿಸೆಗೆ ಇಟ್ಟ. “ನೋಡಿದ್ದು ನಿಜ ಸಾರ್. ಆದ್ರೆ ನನ್ನ ಕಣ್ಣಿಗೆ ಅಧಿಕಾರ ಇಲ್ಲ. ಅಧಿಕಾರ ಇರೋದು ಯಂತ್ರಕ್ಕೆ.”

“ಅಧಿಕಾರ ಇಲ್ಲದ ಕಣ್ಣು ಮಾರಿ ಮ್ಯಾಲ ಯಾಕ ಇಟ್ಕೊಂಡೀರಿ?” ಎಂದೆ. ನನಗಿಂತ ಎಷ್ಟೋ ಚಿಕ್ಕವನು, ಹಾಗೆ ಅನ್ನಬಾರದಿತ್ತು. ಆದರೆ ಅಂದದ್ದಕ್ಕೆ ಪಶ್ಚಾತ್ತಾಪವಿಲ್ಲ. ಅವನು ತಲೆ ತಗ್ಗಿಸಿ ಮೆಟ್ಟಿಲು ಇಳಿದ.

ಪಂಚನಾಮೆಯ ಪ್ರತಿಗಳನ್ನು ಸಿಕ್ಕ ಸಿಕ್ಕ ವೀಕ್ಷಣಾಲಯಕ್ಕೆಲ್ಲ ಕಳಿಸಿದೆವು. ಹಿಮದ ಬೆಟ್ಟದ ಮೇಲಿನ ಒಂದು ವೀಕ್ಷಣಾಲಯದಿಂದ ವಿಜ್ಞಾನಿಯೊಬ್ಬಳು ಫೋನ್ ಮಾಡಿದಳು. ಆಕಾಶದ ಚಕ್ಕುಬಂದಿ ಓದಿ ಮೊದಲು ಬಹಳ ನಕ್ಕಳಂತೆ. ಆಮೇಲೆ ಅನುಮಾನ ಹುಟ್ಟಿತಂತೆ. ಅವರಲ್ಲಿ ಬೆಳಕನ್ನು ಬಣ್ಣ ಬಣ್ಣವಾಗಿ ಸೀಳುವ ಉಪಕರಣವಿದೆ. ಅದು ಚಿತ್ರ ತೆಗೆಯುವುದಿಲ್ಲ, ಅದಕ್ಕೇ ಅದರೊಳಗೆ ಸೋಸುಬಿಲ್ಲೆ ಇರಲಿಲ್ಲ. ಆ ಚುಕ್ಕಿಯ ಕಡೆ ತಿರುಗಿಸಿ ಹಿಡಿದರೆ, ಸಿಡಿದ ನಕ್ಷತ್ರದ ಬಣ್ಣಗಳೇ ಬಿದ್ದವು.

ಆಮೇಲಿನದ್ದೆಲ್ಲ ಪತ್ರಿಕೆಯಲ್ಲಿ ಬಂತು. ಸ್ಟುಡಿಯೋದ ಮುದ್ರೆ ವಾಪಸಾಯಿತು, ಜೈತುನ್‌ಬಿಯ ಪಿಂಚಣಿ ಬಂತು, ಗುಂಡೂರಾವ್ ಶಾಲು ಹಿಡಿದು ಬಂದ. ಗೋದಾಬಾಯಿ ಶಾಲು ಹೊದೆಯಲಿಲ್ಲ, ಊಟಕ್ಕೆ ಕೂರಿಸಿದಳು. ಖಚಿತದವರು ಕ್ಷಮೆ ಕೇಳಲಿಲ್ಲ. ಬದಲಿಗೆ ದೊಡ್ಡ ಜಾಹೀರಾತು ಕೊಟ್ಟರು. ‘ಗೋದಾಬಾಯಿ ನಕ್ಷತ್ರ ಈಗ ನಮ್ಮ ಭಂಡಾರದಲ್ಲಿ. ಇನ್ನು ಪ್ರತಿಯೊಬ್ಬರ ಚಿತ್ರದಲ್ಲೂ.’

ಹಾಗೇ ಆಯಿತು. ಮಕ್ಕಳು ಮೊಬೈಲನ್ನು ಉತ್ತರಕ್ಕೆ ಹಿಡಿದರೆ ಸಾಕು, ಚುಕ್ಕಿ ಫಳ್ಳೆನ್ನುತ್ತಿತ್ತು. ಮೋಡ ಕವಿದ ಸಂಜೆಯೂ ಫಳ್ಳೆನ್ನುತ್ತಿತ್ತು. ಬೇಸಿಗೆಯಲ್ಲಿ ಆ ಕಡೆಯ ಆಕಾಶವೇ ಸಂಜೆಗೆ ಮರೆಯಾಯಿತು. ಮತ್ತೆ ಧನುರ್ಮಾಸ ಬಂತು. ಗೋದಾಬಾಯಿ ಮಾಳಿಗೆ ಹತ್ತಿದಳು. ಸಿಡಿದ ನಕ್ಷತ್ರ ಉರಿದು ಆರಿಹೋಗಿತ್ತು. ಅದು ಆರಲೇಬೇಕು, ಅದರ ಧರ್ಮವೇ ಅದು. ಆದರೆ ಮುದ್ರೆ ಬಿದ್ದ ಪ್ರತಿ ಚಿತ್ರದಲ್ಲೂ ಅದು ಹಿಂದಿನ ವರ್ಷದ ಹೊಳಪಿನಲ್ಲೇ ಉರಿಯುತ್ತಿತ್ತು. ಅವಳು ತನ್ನ ಹಳೆಯ ಕ್ಯಾಮೆರಾದ ಚಿತ್ರ ಲಗತ್ತಿಸಿ ಖಚಿತಕ್ಕೆ ಬರೆದಳು. ಉತ್ತರ ಅಂದೇ ಬಂತು: ‘ನಕ್ಷತ್ರವು ಎಲ್ಲ ಅಧಿಕೃತ ಚಿತ್ರಗಳಲ್ಲಿ ಇದೆ. ತಮ್ಮ ಚಿತ್ರದಲ್ಲಿ ಅದನ್ನು ಅಳಿಸಿರುವ ಸಾಧ್ಯತೆ ಕಂಡುಬಂದಿದೆ. ತಮ್ಮ ಮುದ್ರೆಯನ್ನು ಪರಿಶೀಲನೆಗೆ ಒಳಪಡಿಸಲಾಗಿದೆ.’

ಅದನ್ನು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದಳು. ಹೋದ ವರ್ಷದ ಹಾಗೆ ಕದ ಹಾಕಿಕೊಂಡು ಕೂರಲಿಲ್ಲ. ಕಣ್ಣು ಕೆಂಡವಾಗಿತ್ತು.

“ಹುಲುಗಪ್ಪಣ್ಣ, ಕಾಗದ ತಗಿ. ಮಂದೀನ ಕರಿ.”

“ಏನಂತ ಬರೀಲಿ?”

“ಇಲ್ಲ ಅಂತ ಬರಿ.”

ಕಳುವಾದದ್ದು, ಕೊಲೆಯಾದದ್ದು, ಸುಟ್ಟದ್ದು ಎಲ್ಲದರ ಪಂಚನಾಮೆ ಬರೆದಿದ್ದೆ. ಏನೂ ಇಲ್ಲದ್ದರ ಪಂಚನಾಮೆ ನನ್ನ ಸರ್ವಿಸ್ಸಿನಲ್ಲಿ ಇರಲಿಲ್ಲ. ಐದು ಜನಕ್ಕೆ ಹೇಳಿ ಕಳಿಸಿದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಓಣಿಯೇ ಮೆಟ್ಟಿಲ ಮೇಲೆ ನಿಂತಿತ್ತು. ಪಾಟಿ ಸಾಲದೆ ಕೆಲವರು ರೊಟ್ಟಿ ಹಂಚು ತಂದಿದ್ದರು, ಬೋರಲು ಹಾಕಿ ಮಸಿಯ ಮೇಲೆ ಬಳಪದಿಂದ ಬರೆಯುತ್ತೇವೆ ಎಂದು. ಒಬ್ಬೊಬ್ಬರೇ ಕಣ್ಣಿಟ್ಟರು, ಕತ್ತಲು ರೂಢಿಯಾಗುವವರೆಗೆ ಕಾದರು, ಬರೆದರು. ಯಾರೂ ಯಾರದ್ದನ್ನೂ ನೋಡಲಿಲ್ಲ.

ನಾನು ದೀಪದ ಪಕ್ಕ ಕೂತು, ಹಿಂದಿನ ಚಕ್ಕುಬಂದಿಯನ್ನೇ ಮತ್ತೆ ಬರೆದು, ಅದರ ಕೆಳಗೆ ಶುರು ಮಾಡಿದೆ: “ಮೇಲ್ಕಂಡ ಚಕ್ಕುಬಂದಿಯ ನಡುವಿನ ಸ್ಥಳದಲ್ಲಿ ಈ ದಿನ ಯಾವ ಚುಕ್ಕಿಯೂ ಇರುವುದಿಲ್ಲ. ಕತ್ತಲು ಮಾತ್ರ ಇರುತ್ತದೆ. ಇದನ್ನು ಈ ಕೆಳಗೆ ಸಹಿ ಮಾಡಿದ ನಾವು, ಯಾರೂ ಹೇಳಿಕೊಡದೆ, ನಮ್ಮ ಸ್ವಂತ ಕಣ್ಣಿನಿಂದ ನೋಡಿರುತ್ತೇವೆ.”